ಕಾಲು ಸ್ವರದ ಜಗ್ಗಾಟ: ಇರಾನಿನ ಸಂಗೀತ ಆರ್ಕೆಸ್ಟ್ರಾ ಜೊತೆ ಕೂತಾಗ

ಪಾಶ್ಚಾತ್ಯ ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳುವುದಕ್ಕೆ ಒಂದೆರಡು ನಿಮಿಷ ಸಾಕು. ಓಬೋ ನುಡಿಸುವವರು ಒಂದು ಸ್ವರ ಹಿಡಿಯುತ್ತಾರೆ, ಉಳಿದವರು ಅದಕ್ಕೆ ಸೇರಿಕೊಳ್ಳುತ್ತಾರೆ, ಮುಗೀತು. ಅದೇ ವೇದಿಕೆಯ ಮುಂದುಗಡೆ ಸಂತೂರ್ ಇಟ್ಟುಕೊಂಡು ಕೂತವರ ಪಾಡು ಬೇರೆ. ಇರಾನಿನ ಸಂತೂರಿಗೆ 72 ತಂತಿ. ಎರಡು ಸಾಲಿನಲ್ಲಿ ಒಂಬತ್ತೊಂಬತ್ತು ಕುದುರೆ, ಒಂದೊಂದು ಕುದುರೆಯ ಮೇಲೆ ನಾಲ್ಕು ತಂತಿ. ಒಂದೊಂದನ್ನೂ ಕೀಲಿ ಹಾಕಿ ತಿರುಗಿಸಿ ಹದಕ್ಕೆ ತರಬೇಕು. ನುಡಿಸುವ ದಸ್ತಗಾಹ್ ಬದಲಾದರೆ ಕೆಲವನ್ನು ಮತ್ತೆ ತಿರುಗಿಸಬೇಕು. ದಸ್ತಗಾಹ್ ಅಂದರೆ, ಸದ್ಯಕ್ಕೆ, ನಮ್ಮ ರಾಗದ ದೂರದ ನೆಂಟ ಎಂದುಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಸಂತೂರಿನ ಒಂದೆರಡು ಸ್ವರ ಹಿಂದೆ ಕೂತಿರುವ ಪಿಯಾನೋದಲ್ಲಿ ಇರುವುದೇ ಇಲ್ಲ. ಇರಾನಿನ ಶಾಸ್ತ್ರೀಯ ಸಂಗೀತವನ್ನು ಸಿಂಫನಿ ಆರ್ಕೆಸ್ಟ್ರಾ ಜೊತೆ ಬೆರೆಸುವ ಪ್ರಯತ್ನಕ್ಕೆ ಈಗ ನೂರು ವರ್ಷ ದಾಟಿದೆ. ಅದರ ಸುತ್ತ ನಡೆದಿರುವ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಒಂದೆರಡು ಸ್ವರದ ಹತ್ತಿರ. ಯಾರು ಯಾರಿಗೆ ಬಗ್ಗಬೇಕು? ಆರ್ಕೆಸ್ಟ್ರಾ ಆ ಸ್ವರ ಕಲಿಯಬೇಕಾ, ಇಲ್ಲ ಸಂತೂರ್ ಅದನ್ನು ಬಿಟ್ಟುಕೊಡಬೇಕಾ?

ಆ ಸ್ವರ ಏನು ಅಂತ ನೋಡಲು ನಿಮ್ಮ ಮನೆಯ ಹಾರ್ಮೋನಿಯಂ ಸಾಕು. ಬಿಳಿ ಒಂದನ್ನು ಷಡ್ಜ ಎಂದು ಒತ್ತಿ. ಪಕ್ಕದ ಕರಿ ಮನೆ ಕೋಮಲ ರಿಷಭ, ಅದರಾಚೆಯ ಬಿಳಿ ಮನೆ ಶುದ್ಧ ರಿಷಭ. ಈ ಎರಡರ ನಡುವೆ ಇನ್ನೊಂದು ರಿಷಭ ಇದೆ ಅಂತಿಟ್ಟುಕೊಳ್ಳಿ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಇರಾನಿನವರು ಅದನ್ನು ಬರೆಯುವಾಗ 'ಕೊರೋನ್' ಎಂಬ ಚಿಹ್ನೆ ಹಾಕುತ್ತಾರೆ: ಸ್ವರವನ್ನು ಸುಮಾರು ಕಾಲು ಭಾಗ ಇಳಿಸು ಎಂದರ್ಥ. ಅಷ್ಟೇ ಏರಿಸುವುದಕ್ಕೆ 'ಸೋರಿ'. 'ಸುಮಾರು' ಎಂಬ ಮಾತು ಇಲ್ಲಿ ಮುಖ್ಯ. ಲೆಕ್ಕದಲ್ಲಿ ಹೇಳುವುದಾದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್. ಸಂಗೀತಶಾಸ್ತ್ರಜ್ಞ ಹೋರ್ಮೋಜ್ ಫರ್ಹತ್ ಈ ನಡುವಿನ ಅಂತರಗಳನ್ನು ಅಳೆದು, ಒಂದು ಸುಮಾರು 135 ಸೆಂಟ್, ಇನ್ನೊಂದು ಸುಮಾರು 160 ಎಂದರು. ಅವೂ ಗಟ್ಟಿಯಾಗಿ ನಿಂತವಲ್ಲ, ಕಲಾವಿದರಿಂದ ಕಲಾವಿದರಿಗೆ ಸ್ವಲ್ಪ ಸರಿದಾಡುತ್ತವೆ ಎಂದೂ ಹೇಳಿದರು. ತಾರ್ ವಾದ್ಯದ ಮನೆಗಳು ಲೋಹದ ಪಟ್ಟಿಗಳಲ್ಲ, ಕತ್ತಿಗೆ ಸುತ್ತಿ ಕಟ್ಟಿದ ದಾರ. ಬೇಕಾದರೆ ಬೆರಳಲ್ಲಿ ದೂಡಿ ಕೂದಲೆಳೆಯಷ್ಟು ಸರಿಸಬಹುದು.

ನಮಗೆ ಇದು ತೀರಾ ಹೊಸ ಜಗಳವೇನಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ಸ್ಟುಡಿಯೋದಿಂದ ಆಚೆ ಹಾಕಿತ್ತು. ನಮ್ಮ ಶ್ರುತಿ, ಗಮಕ ಆ ಪೆಟ್ಟಿಗೆಯಲ್ಲಿ ಸಿಗುವುದಿಲ್ಲ ಅನ್ನುವುದೇ ಆಕ್ಷೇಪ. ಮೂರು ದಶಕ ಆದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಹೊರಗಡೆ ಗಾಯಕರೆಲ್ಲ ಆರಾಮಾಗಿ ಅದನ್ನೇ ಇಟ್ಟುಕೊಂಡು ಹಾಡುತ್ತಿದ್ದರು ಅನ್ನಿ. ಇರಾನಿನಲ್ಲಿ ಬಂದಿದ್ದು ಒಂದು ಪೆಟ್ಟಿಗೆ ಮಾತ್ರ ಅಲ್ಲ, ಇಡೀ ಆರ್ಕೆಸ್ಟ್ರಾ. ಅದೂ ದೇಶ ಆಧುನಿಕವಾಗಬೇಕು ಎಂಬ ಹಟದ ಜೊತೆ ಬಂತು.

ಮೊದಲು ಬಂದದ್ದು ಮಿಲಿಟರಿ ಬ್ಯಾಂಡ್. 1868ರಲ್ಲಿ ಆಲ್ಫ್ರೆಡ್ ಲೆಮೇರ್ ಎಂಬ ಫ್ರೆಂಚ್ ಬ್ಯಾಂಡ್ ಮಾಸ್ಟರ್ ತೆಹ್ರಾನಿಗೆ ಬಂದು ಪಾಠ ಶುರುಮಾಡಿದರು. ನಿಜವಾದ ತಿರುವು ಕೊಟ್ಟವರು ಅಲಿನಗಿ ವಜೀರಿ. ಸೈನ್ಯದಲ್ಲಿ ಕರ್ನಲ್, ಒಳ್ಳೆಯ ತಾರ್ ವಾದಕ, ಪ್ಯಾರಿಸ್ಸು ಬರ್ಲಿನ್ನು ಸುತ್ತಿ ಕಲಿತು ಬಂದವರು. 1923ರಲ್ಲಿ ವಾಪಸಾಗಿ ತೆಹ್ರಾನಿನಲ್ಲಿ ಸಂಗೀತ ಶಾಲೆ ತೆರೆದರು. ಕೊರೋನ್, ಸೋರಿ ಚಿಹ್ನೆಗಳು ಅವರದೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಜಗಳ ಇರುತ್ತಿರಲಿಲ್ಲ. ಯುರೋಪಿನವರು ಸಪ್ತಕವನ್ನು 12 ಸಮಭಾಗ ಮಾಡಿದ್ದಾರೆ, ನಾವು 24 ಸಮಭಾಗ ಮಾಡೋಣ, ಆಗ ನಮ್ಮ ಸಂಗೀತಕ್ಕೂ ಹಾರ್ಮನಿ, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸುವ ಪದ್ಧತಿ, ಕೂಡಿಸಬಹುದು ಎಂದರು ಅವರು. ಕಾಗದದ ಮೇಲೆ ಚೊಕ್ಕವಾದ ಲೆಕ್ಕ. ಆದರೆ 24 ಸಮಭಾಗ ಮಾಡಿದರೆ ಕೊರೋನ್ ಎಲ್ಲ ಕಡೆಯೂ 150 ಸೆಂಟಿನಲ್ಲಿ ಬಂದು ಕೂರುತ್ತದೆ. 135 ಇದ್ದದ್ದು ಮೇಲೆ ಹೋಗಬೇಕು, 160 ಇದ್ದದ್ದು ಕೆಳಗಿಳಿಯಬೇಕು. ಹಳೆಯ ಉಸ್ತಾದರ ಕಿವಿಗೆ ಇದು ಒಪ್ಪಲಿಲ್ಲ. ಆಮೇಲೆ ಬಂದ ವಿದ್ವಾಂಸರೂ ಹೆಚ್ಚಿನವರು ಒಪ್ಪಲಿಲ್ಲ. ಚಿಹ್ನೆಗಳು ಮಾತ್ರ ಉಳಿದವು. ಇವತ್ತು ವಜೀರಿಯನ್ನು ಬೈಯುವವರೂ ಸ್ವರ ಬರೆಯುವಾಗ ಅವರ ಕೊರೋನನ್ನೇ ಹಾಕುತ್ತಾರೆ.

ಅದೇ ಕಾಲದ ಮೊರ್ತಜಾ ಮಹಜೂಬಿ ಹಿಡಿದ ದಾರಿ ನನಗೆ ಜಾಸ್ತಿ ಇಷ್ಟ. ಅವರು ಸಿದ್ಧಾಂತದ ಗೋಜಿಗೇ ಹೋಗಲಿಲ್ಲ. ಪಿಯಾನೋದ ತಂತಿಗಳನ್ನೇ ಬೇರೆ ಶ್ರುತಿಗೆ ತಿರುಗಿಸಿಕೊಂಡು ದಸ್ತಗಾಹ್ ನುಡಿಸಿದರು. ಅವರ ಧ್ವನಿಮುದ್ರಣ ಕೇಳಿದರೆ ಮೊದಲ ಹತ್ತು ಸೆಕೆಂಡು ಪಿಯಾನೋ ಹಾಳಾಗಿದೆ ಅನಿಸುತ್ತದೆ. ಆಮೇಲೆ ಅದು ಸಂತೂರಿನ ಅಣ್ಣನ ಹಾಗೆ ಕೇಳಿಸುತ್ತದೆ. ಬಗ್ಗಿದ್ದು ಪಿಯಾನೋ.

ವಯೊಲಿನ್ ಕಥೆ ಉಲ್ಟಾ. ನಮ್ಮಲ್ಲಿ ಅದು ಬಂದ ಸ್ವಲ್ಪ ದಿನಕ್ಕೇ ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಕೂತುಬಿಟ್ಟಿತು. ಇರಾನಿನಲ್ಲಿ ಅದು ಗದ್ದದ ಕೆಳಗೇ ಉಳಿಯಿತು. ವಯೊಲಿನ್‌ಗೆ ಮನೆಗಳಿಲ್ಲ, ಹಾಗಾಗಿ ಕೊರೋನ್ ನುಡಿಸುವುದು ಒಬ್ಬರಿಗೆ ಕಷ್ಟವೇ ಅಲ್ಲ. ಅದು ಎಷ್ಟು ಸಲೀಸಾಗಿ ಒಗ್ಗಿತೆಂದರೆ, ಅಲ್ಲಿನದೇ ವಾದ್ಯ ಕಮಾಂಚೆ ಮೂಲೆ ಸೇರಿತು. ಕಮಾಂಚೆ ತೊಡೆಯ ಮೇಲೆ ನಿಲ್ಲಿಸಿ ನುಡಿಸುವ ವಾದ್ಯ. ತಂತಿಯಿಂದ ತಂತಿಗೆ ಹೋಗುವಾಗ ಕಮಾನು ಓರೆಯಾಗುವುದಿಲ್ಲ, ವಾದ್ಯವೇ ತಿರುಗಿ ಕಮಾನಿಗೆ ಎದುರಾಗುತ್ತದೆ. ಒಂದು ಹಂತದಲ್ಲಿ ಅದನ್ನು ಚೆನ್ನಾಗಿ ನುಡಿಸುವವರು ಬೆರಳೆಣಿಕೆ ಮಂದಿ ಉಳಿದಿದ್ದರು. ಅಲಿ ಅಸ್ಗರ್ ಬಹಾರಿ ಅಂಥವರು ಹಿಡಿದಿಟ್ಟುಕೊಂಡಿದ್ದರಿಂದ ಅದು ಬದುಕಿತು. 2017ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಕಷ್ಟ ಶುರುವಾಗುವುದು ಹನ್ನೆರಡು ವಯೊಲಿನ್ ಒಟ್ಟಿಗೆ ಕೂತಾಗ. ಶುದ್ಧ ಸ್ವರ ಎಲ್ಲಿದೆ ಎಂದು ಹನ್ನೆರಡು ಜನಕ್ಕೂ ಒಂದೇ ಅಂದಾಜು. ಕೊರೋನ್ ಎಲ್ಲಿದೆ ಎಂಬುದರಲ್ಲಿ ಹನ್ನೆರಡು ಅಂದಾಜು. ಒಬ್ಬರ ಕೈಯಲ್ಲಿ ಜೇನಿನ ಹಾಗಿದ್ದ ಸ್ವರ ಗುಂಪಿನಲ್ಲಿ ಕಲಸಿಹೋಗುತ್ತದೆ. ಸಂಗೀತ ರಚಿಸುವವರಿಗೆ ಇದು ಗೊತ್ತು. ಅದಕ್ಕೇ ಅವರು ಕೊರೋನ್ ಕಮ್ಮಿ ಇರುವ ದಸ್ತಗಾಹ್‌ಗಳ ಕಡೆಗೆ ವಾಲಿದರು. ಮಾಹೂರ್ ಹೆಚ್ಚುಕಮ್ಮಿ ನಮ್ಮ ಶಂಕರಾಭರಣ. ಆರ್ಕೆಸ್ಟ್ರಾಕ್ಕೆ ಅದು ಮೇಜರ್ ಸ್ಕೇಲ್, ಕಣ್ಣು ಮುಚ್ಚಿ ನುಡಿಸುತ್ತಾರೆ. ಇಸ್ಫಹಾನ್ ಇದೆಯಲ್ಲ, ಅದರ ಇವತ್ತಿನ ರೂಪ ಕೀರವಾಣಿಗೆ, ಅಂದರೆ ಹಾರ್ಮೋನಿಕ್ ಮೈನರ್‌ಗೆ, ತೀರಾ ಹತ್ತಿರ ಬಂದಿದೆ. ಹಿಂದೆ ಅಷ್ಟು ಹತ್ತಿರ ಇರಲಿಲ್ಲ. ಪಾಶ್ಚಾತ್ಯ ಕಿವಿಯ ಒತ್ತಡದಿಂದಲೇ ಅದು ಅತ್ತ ಸರಿಯಿತು ಎನ್ನುತ್ತಾರೆ. ಇನ್ನು ಸೆಗಾಹ್ ತಗೊಳ್ಳಿ. ಅದರಲ್ಲಿ ಹಾಡು ಬಂದು ನಿಲ್ಲುವ ಮುಖ್ಯ ಸ್ವರವೇ ಕೊರೋನ್. ಮನೆಯ ಹೊಸ್ತಿಲೇ ಕಾಲು ಸ್ವರದ ಮೇಲಿದ್ದರೆ ಅಲ್ಲಿ ಮಾಮೂಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಕಟ್ಟುವುದು ಹೇಗೆ? ಆರ್ಕೆಸ್ಟ್ರಾಕ್ಕೆ ತೀರಾ ತೊಡಕು ಅದೇ.

ಹಾಗಾದರೆ ಬೆರೆಸುವುದೇ ತಪ್ಪಾ? ಇಲ್ಲ. 1983ರ ಒಂದು ಕೃತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಹೊಸೇನ್ ಅಲೀಜಾದೆ ಅವರ 'ನೇಯ್‌ನವಾ'. ನೇಯ್ ಎಂಬ ಬಿದಿರಿನಂಥ ಕೊಳಲಿಗೂ ತಂತಿವಾದ್ಯಗಳ ಆರ್ಕೆಸ್ಟ್ರಾಕ್ಕೂ ಬರೆದದ್ದು. ನೇಯ್ ನುಡಿಸಿದವರು ಜಮ್‌ಶೀದ್ ಅಂದಲೀಬಿ. ಹೆಸರಲ್ಲೇ ವಾದ್ಯವೂ ಇದೆ, ನವಾ ಎಂಬ ದಸ್ತಗಾಹ್ ಕೂಡ ಇದೆ. ಇಮಾಮ್ ಹುಸೇನ್ ಹುತಾತ್ಮರಾದ ಕರ್ಬಲಾ ಬಯಲಿನ ಹಳೆಯ ಹೆಸರೂ 'ನೇಯ್‌ನವಾ'ನೇ. ಇರಾಕ್ ಜೊತೆ ಯುದ್ಧ ನಡೆಯುತ್ತಿದ್ದ ವರ್ಷ ಅದು. ಹೆಸರು ಕೇಳಿದವರಿಗೆ ಏನು ನೆನಪಾಗಿರಬಹುದು ಎಂದು ವಿವರಿಸಬೇಕಿಲ್ಲ.

ನವಾವನ್ನು ಆರಿಸಿಕೊಂಡಿದ್ದರಲ್ಲೇ ಜಾಣತನ ಇದೆ. ಅದರ ಮುಖ್ಯ ಸ್ವರದಿಂದ ಪಂಚಮದವರೆಗೆ ಐದು ಸ್ವರಗಳು ನಮ್ಮ ಖರಹರಪ್ರಿಯದ ಪೂರ್ವಾಂಗ ಇದ್ದ ಹಾಗೆ. ಪಾಶ್ಚಾತ್ಯರಿಗೆ ಅದು ಮೈನರ್. ಚೆಲ್ಲೋಗಳು ಯಾವ ಮುಜುಗರವೂ ಇಲ್ಲದೆ ಅಲ್ಲಿ ಹಾಸು ಹಾಸಬಹುದು. ಕೊರೋನ್ ಬರುವುದು ಅದರಾಚೆ, ಆರನೆಯ ಸ್ವರದಲ್ಲಿ. ಅಲ್ಲಿಗೆ ಏರಿ ಹೋಗುವ ಕೆಲಸ ಹೆಚ್ಚಾಗಿ ನೇಯ್‌ನದು. ಕೆಳಗೆ ವಯೊಲಿನ್‌ಗಳು ದೊಡ್ಡ ಕಾರ್ಡ್ ಕಟ್ಟಿ ಗದ್ದಲ ಎಬ್ಬಿಸುವುದಿಲ್ಲ. ಒಂದು ಎಳೆ ಶುರುವಾಗುತ್ತದೆ, ಇನ್ನೊಂದು ಎಳೆ ಅದರ ಹಿಂದೆ ಬರುತ್ತದೆ, ನೇಯ್ ಮಧ್ಯದಲ್ಲಿ ಉಸಿರು ಸೇರಿಸುತ್ತದೆ. ಇರಾನಿನಲ್ಲಿ ನೇಯ್ ಅನ್ನು ತುಟಿಯ ಮೇಲಿಟ್ಟು ಊದುವುದಿಲ್ಲ, ಅಂಚನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಂಡು ನುಡಿಸುತ್ತಾರೆ. ಸ್ವರದ ಜೊತೆ ಒಂದು ಗೊಗ್ಗರು, ಒಂದು ಗಾಳಿ ಕೂಡ ಬರುತ್ತದೆ. ನುಣ್ಣಗಿನ ವಯೊಲಿನ್‌ಗಳ ಪಕ್ಕ ಆ ಗೊಗ್ಗರು ಇನ್ನೂ ಎದ್ದು ಕೇಳುತ್ತದೆ. ಅದನ್ನು ಮುಚ್ಚಿಹಾಕದೆ ಜಾಗ ಬಿಟ್ಟದ್ದೇ ಇಡೀ ಕೃತಿಯ ಗುಟ್ಟು. ಇಲ್ಲಿ ಆರ್ಕೆಸ್ಟ್ರಾ ಮನೆ ಅಳಿಯನ ಹಾಗೆ, ತಗ್ಗಿಬಗ್ಗಿ ಇದೆ.

ಇದಕ್ಕೆ ಹೋಲಿಸಿದರೆ 1956ರಿಂದ 1979ರವರೆಗೆ ತೆಹ್ರಾನ್ ರೇಡಿಯೋದಲ್ಲಿ ಬಂದ 'ಗೋಲ್‌ಹಾ' ಕಾರ್ಯಕ್ರಮದ ಆರ್ಕೆಸ್ಟ್ರಾ ಬೇರೆ ಜಾತಿ. ದಾವೂದ್ ಪೀರ್ನಿಯಾ ಶುರುಮಾಡಿದ ಈ ಸರಣಿ ಹಾಫೆಜ್, ಸಾದಿಯ ಕವಿತೆಗಳನ್ನು ಮನೆಮನೆಗೆ ಮುಟ್ಟಿಸಿತು, ದೊಡ್ಡ ದೊಡ್ಡ ಗಾಯಕಿಯರನ್ನು ಕೊಟ್ಟಿತು. ರೂಹೊಲ್ಲಾ ಖಾಲೆಗಿ ಅಂಥವರು ಅದರ ಆರ್ಕೆಸ್ಟ್ರಾ ನಡೆಸಿದರು. 1944ರಲ್ಲಿ 'ಎಯ್ ಇರಾನ್' ಎಂಬ ದೇಶಭಕ್ತಿಗೀತೆ ಕಟ್ಟಿದವರೂ ಅವರೇ. ಅದೂ ದುಃಖಕ್ಕೆ ಹೆಸರಾದ ದಶ್ತಿ ಎಂಬ ರಾಗದಂಥದ್ದರಲ್ಲಿ! ಗೋಲ್‌ಹಾ ಸಿಹಿಯಾಗಿದೆ, ಕೇಳಿದರೆ ಬಿಡುವುದಕ್ಕೆ ಮನಸ್ಸಾಗುವುದಿಲ್ಲ. ಆದರೂ ಅಲ್ಲಿ ವಯೊಲಿನ್‌ಗಳು ಬಹುಪಾಲು ಹಾಡಿನ ವರಸೆಯನ್ನೇ ಗುಂಪಾಗಿ ನುಡಿಸುತ್ತವೆ. ಅದು ಅಲಂಕಾರ. ಈ ಅಲಂಕಾರ ಅತಿಯಾಯಿತು ಎಂದು ಅನಿಸಿದವರು 1968ರಲ್ಲಿ ಸಂಪ್ರದಾಯ ಉಳಿಸುವ ಒಂದು ಕೇಂದ್ರವನ್ನೇ ತೆಗೆದರು. ದಾರ್ಯೂಶ್ ಸಫ್ವತ್ ಅದರ ಮುಖ್ಯಸ್ಥರು. ಗುರುವಿನ ಎದುರು ಕೂತು ರದೀಫ್, ಅಂದರೆ ಪರಂಪರೆಯಿಂದ ಬಂದ ವರಸೆಗಳ ಸಂಗ್ರಹ, ಬಾಯಿಪಾಠ ಮಾಡುವ ಹಳೇ ಪದ್ಧತಿ ಅಲ್ಲಿ ಮತ್ತೆ ಬಂತು. ತಮಾಷೆ ಏನೆಂದರೆ, ಆರ್ಕೆಸ್ಟ್ರಾದಿಂದ ದೂರ ಹೋಗಲು ಕಟ್ಟಿದ ಆ ಕೇಂದ್ರದಿಂದಲೇ ಅಲೀಜಾದೆ ಬಂದದ್ದು. ರದೀಫ್ ರಕ್ತದಲ್ಲಿ ಇಳಿದಿದ್ದವರಿಗೆ ಮಾತ್ರ ಆರ್ಕೆಸ್ಟ್ರಾವನ್ನು ಹಾಗೆ ಬಗ್ಗಿಸಲು ಬಂತು ಅನಿಸುತ್ತದೆ ನನಗೆ.

ಸ್ವರ ಬಿಟ್ಟರೆ ಇನ್ನೊಂದು ಕಗ್ಗಂಟು ಕಾಲದ್ದು. ಇರಾನಿನ ಸಂಗೀತದ ಜೀವ ಇರುವುದು ಆವಾಜ್‌ನಲ್ಲಿ. ತಾಳ ಇಲ್ಲದೆ, ಕವಿತೆಯ ಛಂದಸ್ಸಿನ ಉಸಿರಲ್ಲಿ ಹಾಡುವ ಭಾಗ ಅದು, ನಮ್ಮ ಆಲಾಪನೆಯ ಹಾಗೆ. ಮಧ್ಯೆ ಮಧ್ಯೆ ತಹ್ರೀರ್ ಬರುತ್ತದೆ. ಗಂಟಲು ಮೇಲೆ ಕೆಳಗೆ ಒಡೆದು ಒಡೆದು ಜಾರುವ ಆ ವರಸೆಯನ್ನು ಬುಲ್‌ಬುಲ್ ಹಕ್ಕಿಗೆ (ಅಲ್ಲಿ ಹಾಗೆಂದರೆ ನೈಟಿಂಗೇಲ್) ಹೋಲಿಸುತ್ತಾರೆ. ಗಾಯಕರು ಒಂದು ಸಾಲು ಮುಗಿಸಿದರೆ ಕಮಾಂಚೆಯೋ ತಾರೋ ಅದನ್ನು ತನ್ನ ರೀತಿಯಲ್ಲಿ ತಿರುಗಿ ಹೇಳುತ್ತದೆ. ನಮ್ಮ ಕಛೇರಿಯಲ್ಲಿ ವಯೊಲಿನ್ ಹಿಂಬಾಲಿಸುವುದು ನೆನಪಾಗುತ್ತೆ ಅಲ್ವಾ? ಇಂಥದ್ದನ್ನು ಅರವತ್ತು ಜನ ಒಟ್ಟಿಗೆ ಮಾಡಲು ಆಗುವುದಿಲ್ಲ. ಅವರ ಮುಂದೆ ಹಾಳೆ ಇದೆ, ಕೋಲು ಹಿಡಿದ ಕಂಡಕ್ಟರ್ ಇದ್ದಾರೆ. ಗಾಯಕರ ಉಸಿರು ಇವತ್ತು ಎಷ್ಟು ಉದ್ದ ಎಂದು ಹಾಳೆಗೆ ಗೊತ್ತಿಲ್ಲ. ಅದಕ್ಕೇ ಆರ್ಕೆಸ್ಟ್ರಾ ಕೃತಿಗಳು ಬಹುಪಾಲು ತಸ್ನೀಫ್, ಅಂದರೆ ತಾಳಕ್ಕೆ ಕೂರಿಸಿದ ಹಾಡಿನ ಸುತ್ತ ಕಟ್ಟಿಕೊಂಡಿವೆ. ಆವಾಜ್ ಬಂದಾಗ ವಯೊಲಿನ್ನಿನವರು ಕಮಾನು ಮಡಿಲಲ್ಲಿಟ್ಟು ಸುಮ್ನೆ ಕೂರುತ್ತಾರೆ, ಇಲ್ಲವೇ ಒಂದೇ ಸ್ವರ ಎಳೆಯುತ್ತಿರುತ್ತಾರೆ. ಅಂದರೆ ಬೆರಕೆಯಲ್ಲಿ ಮೊದಲು ತೆಳುವಾಗುವುದು ಆವಾಜ್. ಕೊರೋನ್ ಹೋಯಿತು ಎಂದು ಅಳುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ನಷ್ಟ.

ಇದಕ್ಕೆ ಹೊರದೇಶದಲ್ಲಿರುವ ಕೆಲವರು ಬೇರೆ ಬೇರೆ ದಾರಿ ಹುಡುಕಿದ್ದಾರೆ. ಕಜ್ವೀನ್‌ನಲ್ಲಿ ಹುಟ್ಟಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಪಾಠ ಹೇಳುವ ರೆಜಾ ವಲಿ, ಪಾಶ್ಚಾತ್ಯ ಶ್ರುತಿ ವ್ಯವಸ್ಥೆಯನ್ನೇ ಪಕ್ಕಕ್ಕಿಟ್ಟು ದಸ್ತಗಾಹ್‌ನ ಅಂತರಗಳಲ್ಲಿ ಬರೆಯತೊಡಗಿದರು. ನೇಯ್ ಮತ್ತು ಆರ್ಕೆಸ್ಟ್ರಾಕ್ಕೆ ಅವರು ಬರೆದ ಕಾನ್ಸರ್ಟೋವನ್ನು ಬಾಸ್ಟನ್ ಮಾಡರ್ನ್ ಆರ್ಕೆಸ್ಟ್ರಾ ಪ್ರಾಜೆಕ್ಟ್ ಧ್ವನಿಮುದ್ರಿಸಿದೆ. ನೇಯ್ ಖೊಸ್ರೋ ಸುಲ್ತಾನಿ ಅವರದು. ಕಮಾಂಚೆಯ ಕೈಹಾನ್ ಕಲ್ಹೋರ್ ಆರ್ಕೆಸ್ಟ್ರಾವನ್ನೇ ಚಿಕ್ಕದು ಮಾಡಿಕೊಂಡರು. ನ್ಯೂಯಾರ್ಕಿನ ಬ್ರೂಕ್ಲಿನ್ ರೈಡರ್ ಎಂಬ ನಾಲ್ವರ ತಂಡದ ಜೊತೆ 2008ರಲ್ಲಿ ಅವರು ತಂದ ಆಲ್ಬಂ 'ಸೈಲೆಂಟ್ ಸಿಟಿ'. ವಿಷಾನಿಲಕ್ಕೆ ಬಲಿಯಾದ ಕುರ್ದಿಶ್ ಊರು ಹಲಬ್ಜಾದ ನೆನಪಿನ ಕೃತಿ ಅದರಲ್ಲಿದೆ. ನಾಲ್ಕು ಜನ ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಕೊರೋನ್ ಎಷ್ಟು ಇಳಿಸಬೇಕು, ಎಲ್ಲಿ ಉಸಿರು ಬಿಡಬೇಕು ಎನ್ನುವುದು ಕಣ್ಣಲ್ಲೇ ಇತ್ಯರ್ಥ ಆಗುತ್ತದೆ. ಇದೇ ಕಲ್ಹೋರ್ ನಮ್ಮ ಸಿತಾರಿನ ಶುಜಾತ್ ಹುಸೇನ್ ಖಾನ್ ಜೊತೆ 'ಗಜಲ್' ಎಂಬ ತಂಡ ಕಟ್ಟಿದ್ದರು. ಅಲ್ಲಿ ಹಾಳೆಯೂ ಇಲ್ಲ, ಕಂಡಕ್ಟರೂ ಇಲ್ಲ. ಇರಾನಿನ ಸ್ವರ ನಮ್ಮ ಕಡೆಗೆ ಬರುವುದು ಹೊಸದೇನಲ್ಲ ಬಿಡಿ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ ಹಾಡುಗಳ ಪುಸ್ತಕ 'ಕಿತಾಬ್-ಎ-ನೌರಸ್' ಬರೆದಾಗ ಅದಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದ ಕವಿ ಜಹೂರಿ ಇರಾನಿನಿಂದಲೇ ಬಂದವನು.

ಮೂರನೆಯ ದಾರಿ, ಬೇರೆಯವರ ಆರ್ಕೆಸ್ಟ್ರಾ ಯಾಕೆ, ನಮ್ಮದೇ ಮಾಡಿಕೊಳ್ಳೋಣ ಅನ್ನುವುದು. ಇರಾನಿನ ವಾದ್ಯಗಳಲ್ಲಿ ಕೆಳಗಿನ ಸ್ಥಾಯಿ ಬಡವಾಗಿದೆ. ಸೆತಾರ್ ಅಂತೂ ತೋರುಬೆರಳಿನ ಉಗುರಲ್ಲಿ ಮೀಟುವ ವಾದ್ಯ. ಮೈಕ್ ಇಲ್ಲದಿದ್ದರೆ ನಾಲ್ಕನೇ ಸಾಲಿಗೂ ಮುಟ್ಟುವುದಿಲ್ಲ. ಈ ಕೊರತೆ ತುಂಬಲು ಗಾಯಕ ಮೊಹಮ್ಮದ್ ರೆಜಾ ಶಜರಿಯಾನ್ ಕೊನೆಗಾಲದಲ್ಲಿ ಹೊಸ ವಾದ್ಯಗಳನ್ನೇ ಮಾಡಿದರು. ಸೊರಾಹಿ, ಸಾಗರ್, ಶಹರಾಶೂಬ್ ಎಂದು ಹೆಸರಿಟ್ಟರು. ಹಮೀದ್ ಮೋತೆಬಸ್ಸೆಮ್ ಇರಾನಿನ ಮಹಾಕಾವ್ಯ ಶಾಹನಾಮೆಯಲ್ಲಿ ಬರುವ ವೀರ ಜಾಲ್‌ನ ಕಥೆಯನ್ನು ಇರಾನಿನ ವಾದ್ಯಗಳದೇ ದೊಡ್ಡ ಮೇಳಕ್ಕೆ ಬರೆದು 'ಸೀಮೋರ್ಗ್' ಎಂದು ಕರೆದರು. ಶಜರಿಯಾನರ ಮಗ ಹುಮಾಯೂನ್ ಹಾಡಿದರು.

ಇವತ್ತು ಇರಾನಿನ ಯುವಕರಲ್ಲಿ ಬಹಳ ಜನ ಹುಮಾಯೂನ್ ಅವರನ್ನು ಕೇಳುತ್ತಾರೆ. ಅವರೂ ಪೂರ್ನಾಜೆರಿ ಸಹೋದರರೂ ಸೇರಿ ಮಾಡಿದ ಹಾಡುಗಳಲ್ಲಿ ತಂತಿವಾದ್ಯಗಳ ಅಲೆ, ದಫ್‌ನ ಗುಡುಗು, ನಡುವೆ ತಹ್ರೀರ್. ಸಿನಿಮಾ ಹಿನ್ನೆಲೆ ಸಂಗೀತದಷ್ಟು ದೊಡ್ಡ ಸದ್ದು. ಹಳಬರು ಮೂಗು ಮುರಿಯುತ್ತಾರೆ. ಕೆಲವು ಕಡೆ ನನಗೂ ಹಾಗೇ ಅನಿಸಿದೆ: ಕಮಾಂಚೆ ಅಲ್ಲಿ ಒಗ್ಗರಣೆಯ ಕರಿಬೇವು, ಘಮ ಬಂದ ಮೇಲೆ ಪಕ್ಕಕ್ಕೆ. ಆದರೆ 2017ರ ಬೇಸಿಗೆಯಲ್ಲಿ ತೆಹ್ರಾನಿನ ಸಾದಾಬಾದ್ ಅರಮನೆ ಅಂಗಳದಲ್ಲಿ ಅವರ 'ಸೀ' ಪ್ರದರ್ಶನಕ್ಕೆ ರಾತ್ರಿ ರಾತ್ರಿ ಜನ ಬಂದು ಕೂತರಲ್ಲ, ಅವರಲ್ಲಿ ಎಷ್ಟು ಮಂದಿ ಸೆತಾರ್ ಒಂದನ್ನೇ ಒಂದು ಗಂಟೆ ಕೇಳಿಯಾರು?

ಇಷ್ಟು ಹೊತ್ತು ಸ್ವರದ ಮಾತಾಡಿದೆವು. ಆದರೆ ಸೆತಾರ್ ಕೋಣೆಯಲ್ಲಿ ಒಬ್ಬರೇ ನುಡಿಸಬಹುದು. ಆರ್ಕೆಸ್ಟ್ರಾಕ್ಕೆ ಸಭಾಂಗಣ ಬೇಕು, ಸಂಬಳ ಬೇಕು, ಪರವಾನಗಿ ಬೇಕು. ಬೆರಕೆ ಸಂಗೀತ ಹಾಗಾಗಿಯೇ ಸರ್ಕಾರದ ಕೈಗೆ ಬೇಗ ಸಿಗುತ್ತದೆ. 1979ರ ಕ್ರಾಂತಿಯಾದ ವರ್ಷವೇ ಖೊಮೇನಿ ಸಂಗೀತವನ್ನು ಅಫೀಮಿಗೆ ಹೋಲಿಸಿ, ರೇಡಿಯೋ ಟಿವಿಯಿಂದ ತೆಗೆಯಿರಿ ಎಂದಿದ್ದರು. ಆಮೇಲೆ ಹಿಡಿತ ಸಡಿಲವಾಯಿತು. 1998ರಲ್ಲಿ ಫರ್ಹಾದ್ ಫಖ್ರೆದ್ದೀನಿ ನೇತೃತ್ವದಲ್ಲಿ ತಾರ್, ಕಮಾಂಚೆ, ವಯೊಲಿನ್ ಎಲ್ಲ ಸೇರಿಸಿ ರಾಷ್ಟ್ರೀಯ ಆರ್ಕೆಸ್ಟ್ರಾ ಶುರುವಾಯಿತು. ಮುಂದೆ ಅದೂ ತೆಹ್ರಾನ್ ಸಿಂಫನಿಯೂ ನಿಂತೇ ಹೋದವು, 2015ರಲ್ಲಿ ಮತ್ತೆ ಎದ್ದವು. ಅದೇ ವರ್ಷ ನವೆಂಬರ್‌ನಲ್ಲಿ ಒಂದು ಕುಸ್ತಿ ಪಂದ್ಯಾವಳಿಯಲ್ಲಿ ರಾಷ್ಟ್ರಗೀತೆ ನುಡಿಸಲು ಹೋದ ಸಿಂಫನಿಯನ್ನು, ತಂಡದಲ್ಲಿ ಹೆಂಗಸರಿದ್ದಾರೆ ಎಂದು ತಡೆದರು. ಕಂಡಕ್ಟರ್ ಅಲಿ ರಹ್ಬರಿ ಇದನ್ನು ಅವಮಾನ ಎಂದು ಬಹಿರಂಗವಾಗಿಯೇ ಪ್ರತಿಭಟಿಸಿದರು. ಸರ್ಕಾರಿ ಟಿವಿಯಲ್ಲಿ ಇವತ್ತಿಗೂ ಹಾಡು ಕೇಳಿಸುತ್ತದೆ, ವಾದ್ಯ ತೋರಿಸುವುದಿಲ್ಲ. ಸಂತೂರ್ ನುಡಿಯುವಾಗ ಹೂವೋ ಜಲಪಾತವೋ ಕಾಣುತ್ತದೆ.

ಹೆಣ್ಣು ಒಬ್ಬಳೇ ಗಂಡಸರ ಮುಂದೆ ಹಾಡುವಂತಿಲ್ಲ ಎಂಬ ನಿಯಮ ಹಾಗೇ ಇದೆ. ಗೋಲ್‌ಹಾ ಕಾಲದ ಗಾಯಕಿಯರ ಸಾಲು ಅಲ್ಲಿಗೆ ತುಂಡಾಯಿತು. ಸಂಗೀತ ರಚಿಸುವ ಇರಾನಿ ಹೆಣ್ಣುಮಕ್ಕಳು 2017ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡದ್ದು ಅಮೆರಿಕದಲ್ಲಿ. 2024ರ ಡಿಸೆಂಬರ್‌ನಲ್ಲಿ ಪರಸ್ತೂ ಅಹ್ಮದಿ ಎಂಬ ಗಾಯಕಿ ಒಂದು ಹಳೆಯ ಕಾರವಾನ್‌ಸರಾಯಿಯ (ಪ್ರಯಾಣಿಕರ ತಂಗುದಾಣದ) ಅಂಗಳದಲ್ಲಿ, ತಲೆಗೆ ಬಟ್ಟೆ ಇಲ್ಲದೆ, ಎದುರಿಗೆ ಒಬ್ಬ ಕೇಳುಗನೂ ಇಲ್ಲದೆ ಕಛೇರಿ ಮಾಡಿ ಯೂಟ್ಯೂಬಿಗೆ ಹಾಕಿದರು. ಎರಡು ಮೂರು ದಿನಕ್ಕೆ ಬಂಧನ, ಆಮೇಲೆ ಬಿಡುಗಡೆ.

ಪರವಾನಗಿ ಇದ್ದವರಿಗೂ ದಾರಿ ಸಲೀಸಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹುಮಾಯೂನ್ ಶಜರಿಯಾನ್ ತೆಹ್ರಾನಿನ ಆಜಾದಿ ಚೌಕದಲ್ಲಿ ಎಲ್ಲರಿಗೂ ಉಚಿತವಾಗಿ ಹಾಡುತ್ತೇನೆ ಎಂದು ಸಾರಿದರು. ಬಯಲಲ್ಲಿ, ಟಿಕೆಟ್ ಇಲ್ಲದೆ, ಯಾರು ಬೇಕಾದರೂ ಬರಬಹುದು. ಸಂಸ್ಕೃತಿ ಇಲಾಖೆ ಸರಿ ಎಂದಿತು, ನಗರಪಾಲಿಕೆ ತಯಾರಿಗೆ ಸಮಯ ಸಾಲದು ಎಂದಿತು. ವೇದಿಕೆ ಕಟ್ಟಲು ಹೋದ ತಂಡಕ್ಕೆ ಚೌಕದೊಳಗೆ ಹೋಗಲು ಬಿಡಲಿಲ್ಲ. ಕಛೇರಿ ರದ್ದಾಯಿತು.